ಫೈಲು ಕಳೆಯದಂತೆ ಕಂಪ್ಯೂಟರ್ ಸಜ್ಜು ಮಾಡುವುದು: ಕ್ಲೌಡ್, ಬ್ಯಾಕಪ್, ಜೊತೆಗೆ ಬೇಕಾದ ಉಚಿತ ತಂತ್ರಾಂಶಗಳು

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮುಖ್ಯವಾಗಿ ಮಾಡುವ ಕೆಲಸ ಸಿಂಕ್. ಒಂದು ಕಡೆ ಆದ ಬದಲಾವಣೆಯನ್ನು ಉಳಿದೆಲ್ಲ ಕಡೆಗೂ ಮುಟ್ಟಿಸುವುದು ಅದರ ಕಸುಬು. ಫೈಲು ಅಳಿಸುವುದೂ ಒಂದು ಬದಲಾವಣೆಯೇ. ಲ್ಯಾಪ್‌ಟಾಪಿನಲ್ಲಿ ಕೈತಪ್ಪಿ ಅಳಿಸಿದ ಫೋಲ್ಡರು ಕೆಲವೇ ಕ್ಷಣಗಳಲ್ಲಿ ಕ್ಲೌಡ್‌ನಿಂದಲೂ ಮೊಬೈಲಿನಿಂದಲೂ ಮಾಯವಾಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ) ಕೆಡಿಸಿದ ಫೈಲೂ ಅಷ್ಟೇ ನಿಷ್ಠೆಯಿಂದ ಮೇಲೇರುತ್ತದೆ. 'ಕ್ಲೌಡ್‌ಗೆ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ' ಎನ್ನುವವರು ಪೆಟ್ಟು ತಿನ್ನುವುದು ಇಲ್ಲೇ. ಸಿಂಕ್ ಬೇರೆ, ಬೇರೆಡೆ ಪ್ರತಿ ತೆಗೆದಿಡುವ ಬ್ಯಾಕಪ್ ಬೇರೆ. ಎರಡೂ ಬೇಕು, ಎರಡಕ್ಕೂ ಬೇರೆ ಬೇರೆ ಉಪಕರಣ ಬೇಕು.

ಇಲ್ಲಿ ಹೇಳಿರುವ ಹೆಜ್ಜೆಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ. ಹೆಜ್ಜೆಗಳ ಕ್ರಮ ಬದಲಿಸಬೇಡಿ. ಕಸ ತುಂಬಿದ ಡಿಸ್ಕನ್ನು ಹಾಗೇ ಸಿಂಕ್‌ಗೆ ಹಚ್ಚಿದರೆ ಉಚಿತ ಜಾಗವೆಲ್ಲ ಕಸಕ್ಕೇ ಹೋಗುತ್ತದೆ.

ಮೊದಲು ಗುಡಿಸಿ

ಜಾಗ ಎಲ್ಲಿ ಹೋಗಿದೆ ಎಂದು ನೋಡಲು ವಿಜ್‌ಟ್ರೀ ಸಾಕು. ವೈಯಕ್ತಿಕ ಬಳಕೆಗೆ ಉಚಿತ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆಗ ಅದು ಫೋಲ್ಡರುಗಳನ್ನು ಒಂದೊಂದಾಗಿ ಜಾಲಾಡದೆ, ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ವಿಂಡೋಸಿನ ಪದ್ಧತಿ) ಡಿಸ್ಕಿನ ಫೈಲುಪಟ್ಟಿಯನ್ನೇ ನೇರ ಓದುತ್ತದೆ. ಇಡೀ ಡಿಸ್ಕಿನ ಲೆಕ್ಕ ಸಿಗಲು ಸಾಮಾನ್ಯವಾಗಿ ಕೆಲವು ಸೆಕೆಂಡು ಸಾಕು. ಮುಕ್ತ ತಂತ್ರಾಂಶವೇ ಬೇಕೆನ್ನುವವರಿಗೆ ವಿನ್‌ಡರ್‌ಸ್ಟ್ಯಾಟ್ ಇದೆ.

ದೊಡ್ಡದಾಗಿ ಕಂಡದ್ದನ್ನೆಲ್ಲ ಅಳಿಸಬೇಡಿ. ಡೌನ್‌ಲೋಡ್ಸ್ ಫೋಲ್ಡರು, ಹಳೆಯ ಫೋನಿನಿಂದ ಎರಡೆರಡು ಸಲ ಇಳಿಸಿದ ವಿಡಿಯೊಗಳು, ಮರೆತುಹೋದ ಇನ್‌ಸ್ಟಾಲರುಗಳು: ನಿಮ್ಮ ಕೈ ಇಷ್ಟರ ಮೇಲೆ ಮಾತ್ರ ಓಡಲಿ. ವಿಂಡೋಸ್ ಫೋಲ್ಡರಿನ ಒಳಗಿನದು, ಸಿ ಡ್ರೈವಿನ ಬುಡದಲ್ಲಿರುವ ಪೇಜ್‌ಫೈಲ್, ಹೈಬರ್‌ಫಿಲ್ ಎಂಬ ವಿಂಡೋಸಿನ ಸ್ವಂತ ಫೈಲುಗಳು ಎಷ್ಟೇ ಗಿಗಾಬೈಟ್ ತೋರಿಸಿದರೂ ಕೈಯಿಂದ ಅಳಿಸಬಾರದು. ವಿಂಡೋಸಿನ ಹಳೆಯ ಆವೃತ್ತಿಯ ಅವಶೇಷ ತೆಗೆಯಬೇಕಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂಬ ದಾರಿಯಲ್ಲೇ ಹೋಗಿ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಚೌಕವೂ ಇರುತ್ತದೆ. ಅದಕ್ಕೆ ಟಿಕ್ ಬಿದ್ದಿದೆಯೇ ಎಂದು ನೋಡಿಕೊಂಡೇ ಮುಂದಿನ ಗುಂಡಿ ಒತ್ತಿ.

ಹುಡುಕಾಟಕ್ಕೆ ಎವೆರಿಥಿಂಗ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಳ್ಳಿ. ಅಕ್ಷರ ಒತ್ತುತ್ತಿದ್ದಂತೆ ಹೆಸರುಗಳು ಸೋಸಿ ಬರುತ್ತವೆ. ಎರಡು ಪದಗಳ ನಡುವೆ ಜಾಗ ಬಿಟ್ಟರೆ ಎರಡೂ ಇರುವ ಹೆಸರುಗಳು ಸಿಗುತ್ತವೆ, ಪದದ ಶುರುವಿಗೆ ಅಂಟಿಸಿ ! ಚಿಹ್ನೆ ಹಾಕಿದರೆ ಆ ಪದ ಇಲ್ಲದವು ಸಿಗುತ್ತವೆ. ಸರ್ಚ್ ಮೆನುವಿನಲ್ಲಿ ವಿಡಿಯೊ ಆರಿಸಿ, ಸೈಜ್ ಕಾಲಮಿನ ಮೇಲೆ ಒತ್ತಿದರೆ ಡಿಸ್ಕಿನಲ್ಲಿರುವ ವಿಡಿಯೊಗಳೆಲ್ಲ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲುತ್ತವೆ. ಹೀಗೆ ನೋಡಿದಾಗ ಒಂದೇ ಗಾತ್ರದ ಜೋಡಿಗಳು ಕಣ್ಣಿಗೆ ಬೀಳುತ್ತವೆ. ಅವನ್ನು ತೆರೆದು ನೋಡದೆ ಅಳಿಸಬೇಡಿ. ಎವೆರಿಥಿಂಗ್ ಮಾಮೂಲಿಯಾಗಿ ಹುಡುಕುವುದು ಹೆಸರಿನಲ್ಲಿ. ಫೈಲಿನ ಒಳಗಿನ ಬರಹದಲ್ಲಿ ಅಲ್ಲ. ಹಾಗಾಗಿ ಹೆಸರು ಚೆನ್ನಾಗಿದ್ದವರಿಗಷ್ಟೇ ಅದು ಪೂರ್ತಿ ದಕ್ಕುತ್ತದೆ.

ಹೆಸರಿನ ವಿಷಯ

ದಿನಾಂಕವನ್ನು ಮೊದಲು ಬರೆಯಿರಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ: 2024-03-15 ವಿಮೆ ರಸೀದಿ. ಹೆಸರಿನ ಪ್ರಕಾರ ಜೋಡಿಸಿದರೆ ಕಾಲಾನುಕ್ರಮವೂ ತಾನಾಗಿ ಬರುತ್ತದೆ. ದಿನ-ತಿಂಗಳು-ವರ್ಷ ಎಂದು ಬರೆದರೆ ಎಲ್ಲ ವರ್ಷಗಳ ಒಂದನೇ ತಾರೀಖುಗಳು ಒಂದು ಗುಂಪಾಗಿ ಕೂರುತ್ತವೆ. ತಿಂಗಳು ಒಂದಂಕಿಯದಾದರೆ ಮುಂದೆ ಸೊನ್ನೆ ಬಿಡಬೇಡಿ.

ವಿಂಡೋಸ್ ಒಪ್ಪದ ಚಿಹ್ನೆಗಳು ಒಂಬತ್ತು: \ / : * ? " < > |. ಮ್ಯಾಕ್ ಅಥವಾ ಫೋನಿನಲ್ಲಿ ಹೆಸರಿಟ್ಟ ಫೈಲು ವಿಂಡೋಸಿನಲ್ಲಿ ಸಿಂಕ್ ಆಗದೆ ಕೂತಿದ್ದರೆ ಮೊದಲು ಈ ಚಿಹ್ನೆಗಳನ್ನು ಹುಡುಕಿ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಎಂದು ಆಳಕ್ಕೆ ಹೋದರೂ ತೊಂದರೆ. ಡ್ರೈವಿನಿಂದ ಫೈಲಿನವರೆಗಿನ ಪೂರ್ತಿ ದಾರಿ 260 ಅಕ್ಷರ ದಾಟಿದರೆ ವಿಂಡೋಸಿನ ಎಷ್ಟೋ ತಂತ್ರಾಂಶಗಳು ಆ ಫೈಲನ್ನು ತೆರೆಯುವುದಿಲ್ಲ.

ಕನ್ನಡದಲ್ಲಿ ಹೆಸರಿಡುವವರು ಇನ್ನೊಂದನ್ನು ಗಮನಿಸಬೇಕು. ಲಿನಕ್ಸ್‌ನ ಸಾಮಾನ್ಯ ಡಿಸ್ಕುಗಳಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿಯಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ 3 ಬೈಟು. ಒತ್ತಕ್ಷರ, ಗುಣಿತ ಎಲ್ಲವೂ ಬೇರೆ ಬೇರೆ ಎಣಿಕೆ. ಅಂದರೆ ಹೆಚ್ಚೆಂದರೆ 85 ಚಿಹ್ನೆ. ವಿಂಡೋಸಿನಲ್ಲಿ ಸಲೀಸಾಗಿ ಕೂತ ಉದ್ದನೆಯ ಕನ್ನಡ ಹೆಸರು ಲಿನಕ್ಸ್ ಆಧಾರಿತ ನೆಟ್‌ವರ್ಕ್ ಸ್ಟೋರೇಜಿಗೆ ನಕಲಾಗುವಾಗ ಮುಗ್ಗರಿಸುವುದು ಇದರಿಂದಲೇ. ಮೂರ್ನಾಲ್ಕು ಪದಗಳಲ್ಲಿ ಮುಗಿಸಿ.

ಯಾವ ಕ್ಲೌಡ್?

ಉಚಿತ ಜಾಗದ ಲೆಕ್ಕ ಹೀಗಿದೆ. ಗೂಗಲ್ 15 ಜಿಬಿ, ಆದರೆ ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸದಾಗಿ ಏರಿಸಿದ ಫೋಟೊಗಳೂ ಈ ಲೆಕ್ಕಕ್ಕೆ ಬರುತ್ತವೆ. ಜಾಗ ತುಂಬಿದರೆ ಫೋಟೊ ಏರುವುದು ನಿಲ್ಲುವುದಷ್ಟೇ ಅಲ್ಲ, ಜಿಮೇಲಿಗೆ ಪತ್ರ ಬರುವುದೂ ನಿಲ್ಲಬಹುದು. ಒನ್‌ಡ್ರೈವ್ ಮತ್ತು ಐಕ್ಲೌಡ್ ತಲಾ 5 ಜಿಬಿ. ಡ್ರಾಪ್‌ಬಾಕ್ಸ್ ಬರೀ 2 ಜಿಬಿ, ಅದೂ ಮೂರು ಸಾಧನಗಳಿಗೆ ಸೀಮಿತ. ಮೆಗಾ 20 ಜಿಬಿ ಕೊಡುತ್ತದೆ, ಗೂಢಲಿಪಿಯ ಬೀಗವನ್ನೂ ನಿಮ್ಮ ಕಡೆಯಲ್ಲೇ ಹಾಕುತ್ತದೆ. ಅದರ ಇನ್ನೊಂದು ಮುಖವೆಂದರೆ, ಪಾಸ್‌ವರ್ಡೂ ಮರೆತು ರಿಕವರಿ ಕೀಯೂ ಕಳೆದುಹೋದರೆ ಒಳಗಿದ್ದದ್ದನ್ನು ಯಾರೂ ತೆಗೆದುಕೊಡಲಾರರು.

ಗಿಗಾಬೈಟುಗಳನ್ನು ಒಟ್ಟುಗೂಡಿಸಲು ನಾಲ್ಕು ಕಡೆ ಖಾತೆ ತೆರೆಯುವ ಚಟ ಒಳ್ಳೆಯದಲ್ಲ. ಯಾವ ಫೈಲು ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಬಳಸದೆ ಬಿಟ್ಟ ಖಾತೆಗಳಿಗೆ ಆಯುಷ್ಯವೂ ಇದೆ: ಗೂಗಲ್ ವೈಯಕ್ತಿಕ ಖಾತೆಯನ್ನು 2 ವರ್ಷ ಮುಟ್ಟದಿದ್ದರೆ ಒಳಗಿನ ಸರಕಿನ ಸಮೇತ ಅಳಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. ದಿನಬಳಕೆಯ ದಾಖಲೆಗಳಿಗೆ ಒಂದು ಸೇವೆ, ಅಷ್ಟೇ. ಆಂಡ್ರಾಯ್ಡ್ ಫೋನಿರುವವರಿಗೆ ಗೂಗಲ್ ಡ್ರೈವ್, ವರ್ಡ್-ಎಕ್ಸೆಲ್‌ನಲ್ಲೇ ಮುಳುಗಿರುವವರಿಗೆ ಒನ್‌ಡ್ರೈವ್ ಸರಿಹೋಗುತ್ತದೆ.

ಏರಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಅಂದಾಜು ಮಾಡಿ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಎಂದರೆ ಅದು ಮೆಗಾಬಿಟ್. 8ರಿಂದ ಭಾಗಿಸಿದರೆ ಸೆಕೆಂಡಿಗೆ 1.25 ಮೆಗಾಬೈಟ್, ಗಂಟೆಗೆ ಸುಮಾರು 4.5 ಜಿಬಿ. 100 ಜಿಬಿ ಫೋಟೊಗೆ ಸುಮಾರು 22 ಗಂಟೆ. ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಅನ್ನು ತಾತ್ಕಾಲಿಕವಾಗಿ ನೆವರ್ ಮಾಡಿಡಿ.

ಸಿಂಕ್ ಹೊಂದಿಸುವುದು, ಎಡವುವ ಜಾಗಗಳು

ಗೂಗಲ್ ಡ್ರೈವಿನ ಡೆಸ್ಕ್‌ಟಾಪ್ ತಂತ್ರಾಂಶ ಹಾಕಿ ಸೈನ್ ಇನ್ ಆದಮೇಲೆ ಪ್ರಿಫರೆನ್ಸಸ್‌ಗೆ ಹೋಗಿ. ಅಲ್ಲಿ ಸ್ಟ್ರೀಮ್, ಮಿರರ್ ಎಂಬ ಎರಡು ಆಯ್ಕೆಗಳಿವೆ. ಸ್ಟ್ರೀಮ್‌ನಲ್ಲಿ ಫೈಲಿನ ಹೆಸರು ಮಾತ್ರ ಕಾಣುತ್ತದೆ, ತೆರೆದಾಗಲೇ ಇಳಿಯುತ್ತದೆ. ಮಿರರ್‌ನಲ್ಲಿ ಪೂರ್ತಿ ಪ್ರತಿ ನಿಮ್ಮ ಡಿಸ್ಕಿನಲ್ಲೂ ಇರುತ್ತದೆ. ಡಿಸ್ಕಿನಲ್ಲಿ ಜಾಗವಿದ್ದರೆ ಮಿರರ್ ಆರಿಸಿ. ನೆಟ್ ಇಲ್ಲದಾಗಲೂ ಕೆಲಸ ನಡೆಯುತ್ತದೆ, ಮುಂದೆ ಹೇಳುವ ಬ್ಯಾಕಪ್ಪಿಗೂ ಅದೇ ಬುನಾದಿ.

ಒನ್‌ಡ್ರೈವಿನಲ್ಲಿ ಫೈಲಿನ ಪಕ್ಕದ ಗುರುತು ಓದಲು ಕಲಿಯಿರಿ. ನೀಲಿ ಮೋಡ ಕಂಡರೆ ಫೈಲು ಕ್ಲೌಡ್‌ನಲ್ಲಿ ಮಾತ್ರ ಇದೆ. ಬಿಳಿ ವೃತ್ತದೊಳಗೆ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಇಲ್ಲಿಯೂ ಇದೆ, ಜಾಗ ಬೇಕಾದಾಗ ವಿಂಡೋಸ್ ಖಾಲಿ ಮಾಡಬಹುದು. ತುಂಬು ಹಸಿರು ವೃತ್ತದೊಳಗೆ ಬಿಳಿ ಟಿಕ್ ಇದ್ದರೆ ಯಾವಾಗಲೂ ಇಲ್ಲಿಯೇ ಇರುತ್ತದೆ. ಮೂರನೆಯದು ಬೇಕಾದರೆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ. ಜಾಗ ಬಿಡಿಸಬೇಕೆಂದರೆ ಅದೇ ಮೆನುವಿನ 'ಫ್ರೀ ಅಪ್ ಸ್ಪೇಸ್' ಒತ್ತಿ. ಡಿಲೀಟ್ ಒತ್ತಬೇಡಿ. ನೀಲಿ ಮೋಡದ ಫೈಲು ಇಲ್ಲಿ ಜಾಗವನ್ನೇ ತಿನ್ನುತ್ತಿಲ್ಲ. ಅದನ್ನು ಅಳಿಸಿದರೆ ಇದ್ದೊಂದು ಪ್ರತಿಯೂ ಹೋದಂತೆ.

ಹೊಸ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. ವಿಂಡೋಸ್ ಮೊದಲ ಸಲ ಸಿದ್ಧವಾಗುವಾಗ ಕೇಳುವ ಪ್ರಶ್ನೆಗಳಿಗೆ ಹೂಂ ಹೂಂ ಎಂದು ಮುಂದೆ ಹೋದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರಿನೊಳಕ್ಕೆ ಸ್ಥಳಾಂತರವಾಗಬಹುದು. 5 ಜಿಬಿ ತುಂಬಲು ಹೆಚ್ಚು ದಿನ ಬೇಡ. ಬೇಡವೆಂದರೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಅಂಡ್ ಬ್ಯಾಕಪ್, ಮ್ಯಾನೇಜ್ ಬ್ಯಾಕಪ್ ತೆರೆದು ಒಂದೊಂದನ್ನೇ ಆಫ್ ಮಾಡಿ. ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಬರಿದಾಗಿ ಕಂಡರೆ ಗಾಬರಿ ಬೇಡ. ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗಿನ ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿರುತ್ತವೆ. ಅಲ್ಲಿಂದ ಎತ್ತಿ ಮೊದಲಿನ ಜಾಗಕ್ಕೆ ಹಾಕಿಕೊಳ್ಳಿ.

ಸಿಂಕ್ ಫೋಲ್ಡರಿನಲ್ಲಿ ಇಡಲೇಬಾರದ ಫೈಲುಗಳೂ ಇವೆ. ಯಾವುದೋ ತಂತ್ರಾಂಶ ಸದಾ ತೆರೆದಿಟ್ಟುಕೊಂಡು ಬರೆಯುತ್ತಿರುವ ಡೇಟಾಬೇಸ್‌ಗಳು ಇವುಗಳಲ್ಲಿ ಮೊದಲನೆಯವು: ಲೆಕ್ಕಪತ್ರ ತಂತ್ರಾಂಶದ ಡೇಟಾ, ಔಟ್‌ಲುಕ್‌ನ ಪತ್ರಗಳನ್ನು ಕೂಡಿಡುವ ಪಿಎಸ್‌ಟಿ ಫೈಲು, ಆಕ್ಸೆಸ್ ಡೇಟಾಬೇಸ್. ಬರೆಯುವ ನಡುವೆ ಸಿಂಕ್ ಅದನ್ನು ಎತ್ತಿಕೊಂಡರೆ ಅರೆಬರೆ ಪ್ರತಿ ಮೇಲೇರುತ್ತದೆ. ಇಂಥವನ್ನು ತಂತ್ರಾಂಶ ಮುಚ್ಚಿದ ಮೇಲೆ ಬ್ಯಾಕಪ್ಪಿಗೆ ಮಾತ್ರ ಸೇರಿಸಿ. ಒಂದೇ ಎಕ್ಸೆಲ್ ಶೀಟನ್ನು ನೆಟ್ ಇಲ್ಲದ ಎರಡು ಕಂಪ್ಯೂಟರುಗಳಲ್ಲಿ ತಿದ್ದಿದರೂ ಎರಡು ಪ್ರತಿ ಹುಟ್ಟುತ್ತವೆ. ಡ್ರಾಪ್‌ಬಾಕ್ಸ್ ಒಂದಕ್ಕೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂದೂ, ಒನ್‌ಡ್ರೈವ್ ಕಂಪ್ಯೂಟರಿನ ಹೆಸರನ್ನೂ ಅಂಟಿಸುತ್ತದೆ. ಅವನ್ನು ಕಂಡ ದಿನವೇ ಹೋಲಿಸಿ ಒಂದುಮಾಡಿ. ತಡವಾದಷ್ಟೂ ಯಾವುದು ಹೊಸದು ಎಂಬುದು ಗೊತ್ತಾಗದೆ ಹೋಗುತ್ತದೆ.

ತಪ್ಪಿ ಅಳಿಸಿದರೆ ಎಷ್ಟು ದಿನ ಕಾಲಾವಕಾಶ? ಗೂಗಲ್ ಡ್ರೈವಿನ ಟ್ರ್ಯಾಶ್, ವೈಯಕ್ತಿಕ ಒನ್‌ಡ್ರೈವಿನ ರಿಸೈಕಲ್ ಬಿನ್, ಡ್ರಾಪ್‌ಬಾಕ್ಸಿನ ಉಚಿತ ಖಾತೆ ಎಲ್ಲದರಲ್ಲೂ 30 ದಿನ. ಅಳಿಸದೆ ಕೆಟ್ಟದಾಗಿ ತಿದ್ದಿದ ಫೈಲಿಗೆ ಹಳೆಯ ಆವೃತ್ತಿಗಳಿವೆ. ವೈಯಕ್ತಿಕ ಒನ್‌ಡ್ರೈವಿನಲ್ಲಿ ಕೊನೆಯ 25 ಸಿಗುತ್ತವೆ. ಗೂಗಲ್ ಡ್ರೈವಿಗೆ ಏರಿಸಿದ ಪಿಡಿಎಫ್, ವರ್ಡ್‌ಗಳಿಗೆ 30 ದಿನ ಅಥವಾ 100 ಆವೃತ್ತಿ ದಾಟಿದ ಮೇಲೆ ಹಳೆಯವು ಹೋಗಬಹುದು. ಬೇಕಾದದ್ದಕ್ಕೆ ಮ್ಯಾನೇಜ್ ವರ್ಶನ್ಸ್ ಒಳಗೆ 'ಕೀಪ್ ಫಾರೆವರ್' ಹಾಕಿ. ವರ್ಷಕ್ಕೊಮ್ಮೆ ತೆರೆಯುವ ಫೋಲ್ಡರು ಅಳಿಸಿಹೋದದ್ದು 30 ದಿನದೊಳಗೆ ಯಾರ ಗಮನಕ್ಕೂ ಬರುವುದಿಲ್ಲ. ಬ್ಯಾಕಪ್ ಬೇಕಿರುವುದು ಆ ಮೂವತ್ತೊಂದನೇ ದಿನಕ್ಕೆ.

ಬ್ಯಾಕಪ್: ಫ್ರೀಫೈಲ್‌ಸಿಂಕ್ ಮತ್ತು ಒಂದು ಹೊರಡಿಸ್ಕು

ನಿಮ್ಮ ಮುಖ್ಯ ಫೈಲುಗಳ ಮೊತ್ತದ ಎರಡರಷ್ಟು ಜಾಗದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ಸಾಕು. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ, ತಯಾರಕರು 1000ದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುತ್ತಾರೆ. ಪೆನ್‌ಡ್ರೈವನ್ನು ಇದಕ್ಕೆ ನಂಬಬೇಡಿ. ಡಿಸ್ಕಿನ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ ನೋಡಿ. ಎಫ್‌ಎಟಿ32 ಎಂದಿದ್ದರೆ 4 ಜಿಬಿ ಮೀರಿದ ಒಂದು ಫೈಲೂ ಅದರಲ್ಲಿ ಕೂರುವುದಿಲ್ಲ. ದೊಡ್ಡ ವಿಡಿಯೊ ನಕಲು ಮಾಡುವಾಗ 'ಜಾಗವಿದ್ದರೂ ಜಾಗವಿಲ್ಲ' ಎಂಬಂಥ ದೋಷ ಬರುವುದು ಇದಕ್ಕೇ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್‌ಗೂ, ಮ್ಯಾಕ್ ಕೂಡ ಇರುವವರು ಎಕ್ಸ್‌ಫ್ಯಾಟ್‌ಗೂ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಎಲ್ಲವನ್ನೂ ಒರೆಸುತ್ತದೆ, ಒಳಗೇನಾದರೂ ಇದ್ದರೆ ಮೊದಲು ತೆಗೆದಿಡಿ.

ಫ್ರೀಫೈಲ್‌ಸಿಂಕ್ ಎಂಬ ಉಚಿತ ಬ್ಯಾಕಪ್ ತಂತ್ರಾಂಶ ತೆರೆದು ಎಡಗಡೆ ನಿಮ್ಮ ದಾಖಲೆಗಳ ಫೋಲ್ಡರು, ಬಲಗಡೆ ಹೊರಡಿಸ್ಕಿನ ಫೋಲ್ಡರು ಕೊಡಿ. ಡಿಸ್ಕನ್ನು ಬೇರೆ ಪೋರ್ಟಿಗೆ ಚುಚ್ಚಿದಾಗ ಡ್ರೈವಿನ ಅಕ್ಷರ ಬದಲಾಗಬಹುದು. ಹಾಗಾಗಿ ಬಲಗಡೆಯ ದಾರಿಯಲ್ಲಿ ಅಕ್ಷರದ ಬದಲು ಡಿಸ್ಕಿನ ಹೆಸರನ್ನು ಚೌಕ ಆವರಣದೊಳಗೆ ಬರೆಯಿರಿ, [ಬ್ಯಾಕಪ್]\ದಾಖಲೆ ಎಂಬ ಹಾಗೆ. ಹಸಿರು ಹಲ್ಲುಚಕ್ರದ ಗುರುತು ಒತ್ತಿ ಮಿರರ್ ಆರಿಸಿ. ಅದೇ ಕಿಟಕಿಯಲ್ಲಿ ಅಳಿಸಿದ ಫೈಲುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ 'ವರ್ಶನಿಂಗ್' ಎಂದು ಕೊಟ್ಟು, ಹೊರಡಿಸ್ಕಿನಲ್ಲೇ ಇನ್ನೊಂದು ಫೋಲ್ಡರು ತೋರಿಸಿ, ಹೆಸರಿಡುವ ಪದ್ಧತಿಗೆ ಟೈಮ್ ಸ್ಟ್ಯಾಂಪ್ ಆರಿಸಿ. ಈ ಸಾಲನ್ನು ಬಿಡಬೇಡಿ. ಬರೀ ಮಿರರ್ ಎಂದರೆ ಇಲ್ಲಿ ಅಳಿದದ್ದನ್ನು ಅಲ್ಲೂ ಅಳಿಸುವುದು, ಇಲ್ಲಿ ಕೆಟ್ಟದ್ದನ್ನು ಅಲ್ಲಿನ ಒಳ್ಳೆಯದರ ಮೇಲೆ ಬರೆಯುವುದು. ವರ್ಶನಿಂಗ್ ಇದ್ದರೆ ಹಳೆಯ ಪ್ರತಿ ತಾರೀಖಿನ ಸಮೇತ ಪಕ್ಕಕ್ಕೆ ಸರಿಯುತ್ತದೆ.

ಈಗ ಕಂಪೇರ್ ಒತ್ತಿ. ಎಷ್ಟು ಫೈಲು ಹೊಸದು, ಎಷ್ಟು ಬದಲಾಗಿದೆ, ಎಷ್ಟು ಅಳಿಯಲಿದೆ ಎಂಬ ಎಣಿಕೆ ಕೆಳಗೆ ಬರುತ್ತದೆ. ನಿನ್ನೆ ಮೊನ್ನೆ ನೀವು ಹೆಚ್ಚೇನೂ ಅಳಿಸದಿದ್ದರೂ ಅಳಿಯಲಿರುವ ಸಂಖ್ಯೆ ಸಾವಿರಗಟ್ಟಲೆ ಇದ್ದರೆ ಕೈ ತಡೆಯಿರಿ. ಎಡ-ಬಲ ಅದಲುಬದಲಾಗಿದೆ, ಇಲ್ಲವೇ ಎಡಗಡೆಯ ಫೋಲ್ಡರಿಗೆ ನಿಜವಾಗಿಯೂ ಏನೋ ಆಗಿದೆ. ಎಣಿಕೆ ಸರಿಯಿದ್ದರೆ ಸಿಂಕ್ರೊನೈಸ್ ಒತ್ತಿ, ಆಮೇಲೆ ಈ ಜೋಡಣೆಯನ್ನು ಸೇವ್ ಮಾಡಿಡಿ. ಮುಂದಿನ ವಾರದಿಂದ ಎರಡೇ ಕ್ಲಿಕ್ಕು.

ಕೆಲಸ ಮುಗಿದ ಕೂಡಲೇ ಡಿಸ್ಕನ್ನು ಇಜೆಕ್ಟ್ ಮಾಡಿ, ಕೇಬಲ್ ಕಿತ್ತು ಎತ್ತಿಡಿ. ಸದಾ ಚುಚ್ಚಿಟ್ಟ ಡಿಸ್ಕು ರ‍್ಯಾನ್ಸಮ್‌ವೇರಿಗೆ ಇನ್ನೊಂದು ಫೋಲ್ಡರಷ್ಟೇ. ಮೂಲ ಪ್ರತಿ ಕಂಪ್ಯೂಟರಿನಲ್ಲಿ, ಎರಡನೆಯದು ಹೊರಡಿಸ್ಕಿನಲ್ಲಿ, ಮೂರನೆಯದು ಕ್ಲೌಡ್‌ನಲ್ಲಿ: 3-2-1 ಎಂದು ಕರೆಯುವ ಸೂತ್ರ ಇದೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ.

ಬೀಗ ಹಾಕುವುದು

ಗುರುತಿನ ಚೀಟಿ, ಬ್ಯಾಂಕ್ ದಾಖಲೆ, ವೈದ್ಯಕೀಯ ವರದಿಗಳಂಥವನ್ನು ಬರಿದಾಗಿ ಕ್ಲೌಡ್‌ಗೆ ಏರಿಸಬೇಡಿ. ಕ್ರಿಪ್ಟೊಮೇಟರ್ ಇದಕ್ಕೆಂದೇ ಇರುವ ಮುಕ್ತ ತಂತ್ರಾಂಶ. ಸಿಂಕ್ ಫೋಲ್ಡರಿನೊಳಗೆ ಹೊಸ ವಾಲ್ಟ್ (ಬೀಗ ಹಾಕಿದ ಫೋಲ್ಡರು) ಮಾಡಿ, ಪಾಸ್‌ವರ್ಡ್ ಕೊಡಿ, ರಿಕವರಿ ಕೀ ಬೇಕೇ ಎಂದಾಗ ಹೌದೆಂದು ಆ ಪದಗಳನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಅನ್‌ಲಾಕ್ ಮಾಡಿದಾಗ ಹೊಸ ಡ್ರೈವೊಂದು ತೆರೆಯುತ್ತದೆ. ಫೈಲು ಹಾಕಬೇಕಾದದ್ದು ಆ ಡ್ರೈವಿಗೆ. ಅವಸರದಲ್ಲಿ ವಾಲ್ಟ್ ಫೋಲ್ಡರಿಗೇ ನೇರ ಎಳೆದು ಹಾಕಿದರೆ ಫೈಲು ಬೀಗವಿಲ್ಲದೆ ಹಾಗೇ ಕ್ಲೌಡ್‌ಗೆ ಹೋಗುತ್ತದೆ. ತಪ್ಪಾಗಿದೆಯೇ ಎಂದು ನೋಡಲು ಕ್ಲೌಡ್‌ನ ವೆಬ್ ಪುಟ ತೆರೆಯಿರಿ: ಓದಲಾಗುವ ಹೆಸರಿನ ನಿಮ್ಮ ಫೈಲೊಂದು ಅಲ್ಲಿ ಕಂಡರೆ ಎಡವಟ್ಟಾಗಿದೆ.

ವೆರಾಕ್ರಿಪ್ಟ್ ಕೂಡ ಒಳ್ಳೆಯ ತಂತ್ರಾಂಶವೇ, ಆದರೆ ಕ್ಲೌಡ್‌ಗೆ ಅಷ್ಟು ಒಗ್ಗುವುದಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಫೈಲಿನೊಳಗೆ ತುಂಬುತ್ತದೆ. ಒಳಗೆ ಒಂದು ಸಾಲು ತಿದ್ದಿದರೂ ಎಷ್ಟೋ ಸೇವೆಗಳು ಪೂರ್ತಿ ಫೈಲನ್ನು ಮತ್ತೆ ಏರಿಸುತ್ತವೆ. ಸಾಲದ್ದಕ್ಕೆ, ಗುಟ್ಟು ಬಯಲಾಗದಿರಲೆಂದು ಅದು ಆ ಫೈಲಿನ ಬದಲಾವಣೆ ಸಮಯವನ್ನು ಮೊದಲಿದ್ದಂತೆಯೇ ಉಳಿಸುತ್ತದೆ. ಗಾತ್ರವೂ ಅಷ್ಟೇ, ಸಮಯವೂ ಅಷ್ಟೇ ಇರುವುದರಿಂದ ಸಿಂಕ್ ತಂತ್ರಾಂಶಕ್ಕೂ ಫ್ರೀಫೈಲ್‌ಸಿಂಕ್‌ಗೂ ಏನೂ ಬದಲಾಗಿಲ್ಲವೆಂದೇ ತೋರಬಹುದು. ಬಳಸಲೇಬೇಕಿದ್ದರೆ ಪ್ರಿಫರೆನ್ಸಸ್‌ನಲ್ಲಿ ಸಮಯ ಕಾಯ್ದಿಡುವ ಟಿಕ್ ತೆಗೆಯಿರಿ.

ಒಬ್ಬರಿಗೆ ಒಂದು ಸಲ ಕಳಿಸುವುದಕ್ಕೆ 7-ಜಿಪ್ ಸಾಕು. ಬಲಗುಂಡಿ, ಆಡ್ ಟು ಆರ್ಕೈವ್, ಫಾರ್ಮ್ಯಾಟ್ 7ಜೆಡ್, ಪಾಸ್‌ವರ್ಡ್, ಕೆಳಗಿನ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಚೌಕಕ್ಕೆ ಟಿಕ್. ಆ ಟಿಕ್ ಹಾಕದಿದ್ದರೆ ಒಳಗಿನ ಫೈಲುಗಳ ಹೆಸರು ಪಾಸ್‌ವರ್ಡ್ ಇಲ್ಲದವರಿಗೂ ಕಾಣುತ್ತದೆ. ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆಯಬೇಡಿ, ಫೋನಿನಲ್ಲಿ ಹೇಳಿ. ಫೋಟೊ, ವಿಡಿಯೊಗಳು ಆಗಲೇ ಕುಗ್ಗಿಸಿದ ರೂಪದಲ್ಲಿರುವುದರಿಂದ ಗಾತ್ರ ಇಳಿಯುವ ಆಸೆ ಬೇಡ.

ಲಿಂಕ್ ಹಂಚುವಾಗ 'ಎನಿವನ್ ವಿತ್ ದ ಲಿಂಕ್' ಎಂಬುದರ ಅರ್ಥ ಅಕ್ಷರಶಃ ಅದೇ: ಲಿಂಕ್ ಸಿಕ್ಕ ಯಾರಾದರೂ ತೆರೆಯಬಹುದು. ಗುಂಪಿನಲ್ಲಿ ಫಾರ್ವರ್ಡ್ ಆದರೆ ಅಷ್ಟೂ ಜನಕ್ಕೆ ಬಾಗಿಲು ತೆರೆದಂತೆ. ಇಮೇಲ್ ವಿಳಾಸ ಕೊಟ್ಟು ಹಂಚಿ, ಹಕ್ಕು ವ್ಯೂವರ್ ಇರಲಿ.

ಖಾತೆಯ ಕೀಲಿ

ಪಾಸ್‌ವರ್ಡುಗಳನ್ನು ಕೂಡಿಟ್ಟು ಕಾಯಲು ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ. ಮೊದಲನೆಯದು ಆನ್‌ಲೈನಿನಲ್ಲಿದ್ದು ಫೋನಿಗೂ ತಾನಾಗಿ ಬರುತ್ತದೆ. ಎರಡನೆಯದು ನಿಮ್ಮ ಡಿಸ್ಕಿನಲ್ಲೇ ಇರುವ ಒಂದು ಫೈಲು. ಒಯ್ಯುವುದು, ಬ್ಯಾಕಪ್ ಮಾಡುವುದು ನಿಮ್ಮ ಹೊಣೆ. ಹೆಚ್ಚಿನವರಿಗೆ ಮೊದಲನೆಯದೇ ಸುಲಭ. ಎಲ್ಲಕ್ಕಿಂತ ಮುಂಚೆ ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಯಾಕೆಂದರೆ ಉಳಿದೆಲ್ಲ ಖಾತೆಗಳ 'ಮರೆತೆ' ಗುಂಡಿಯ ಪತ್ರ ಬರುವುದು ಅಲ್ಲಿಗೇ.

ಎರಡು ಹಂತದ ಪರಿಶೀಲನೆ ಹಾಕಿದಾಗ ಗೂಗಲ್ 8 ಅಂಕಿಯ 10 ಬ್ಯಾಕಪ್ ಕೋಡುಗಳನ್ನು ಕೊಡುತ್ತದೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಅದನ್ನು ಡ್ರೈವಿನಲ್ಲೇ ಸೇವ್ ಮಾಡುವವರಿದ್ದಾರೆ. ಮನೆಗೆ ಬೀಗ ಜಡಿದು ಕೀಲಿಕೈ ಒಳಗೇ ಬಿಟ್ಟ ಹಾಗೆ. ಮುದ್ರಿಸಿ, ಕ್ರಿಪ್ಟೊಮೇಟರ್ ರಿಕವರಿ ಕೀ ಜೊತೆ ಒಂದೇ ಲಕೋಟೆಯಲ್ಲಿಡಿ.

ಚಿಲ್ಲರೆ ಕೆಲಸದ ಸಾಮಾನು

ಪಿಡಿಎಫ್ ಜೋಡಿಸಲು, ಒಡೆಯಲು ಪಿಡಿಎಫ್‌ಸ್ಯಾಮ್ ಬೇಸಿಕ್ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ. ವೆಬ್‌ಸೈಟಿನಲ್ಲಿ ಪಿಡಿಎಫ್ ಜೋಡಿಸುವುದೆಂದರೆ ದಾಖಲೆಯನ್ನು ಅಪರಿಚಿತರ ಸರ್ವರಿಗೆ ಕೊಟ್ಟಂತೆಯೇ. ಓದಲಷ್ಟೇ ಆದರೆ ಸುಮಾತ್ರಾ ಪಿಡಿಎಫ್ ಹಗುರ. ಒಂದೇ ವೈಫೈನಲ್ಲಿರುವ ಫೋನು-ಲ್ಯಾಪ್‌ಟಾಪ್ ನಡುವೆ ಫೈಲು ದಾಟಿಸಲು ಲೋಕಲ್‌ಸೆಂಡ್, ಎರಡು ಕಂಪ್ಯೂಟರಿನ ಫೋಲ್ಡರುಗಳನ್ನು ಕ್ಲೌಡ್ ಇಲ್ಲದೆ ಸದಾ ಒಂದೇ ರೀತಿ ಇಡಲು ಸಿಂಕ್‌ಥಿಂಗ್. ಯಾವುದನ್ನೇ ಆಗಲಿ ತಯಾರಕರ ಸ್ವಂತ ತಾಣದಿಂದಲೇ ಇಳಿಸಿ. ಹುಡುಕಿದಾಗ ಮೇಲ್ಗಡೆ ಬರುವ ಜಾಹೀರಾತು ಕೊಂಡಿಗಳನ್ನು ದಾಟಿ ಹೋಗಿ; ನಕಲಿ ಇನ್‌ಸ್ಟಾಲರುಗಳು ಕಾದು ಕೂರುವುದು ಅಲ್ಲೇ.

ವಾಪಸು ತೆಗೆದು ನೋಡಿ

ಮೂರು ತಿಂಗಳಿಗೊಮ್ಮೆ ಹೊರಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ಐದಾರು ಫೈಲುಗಳನ್ನು ತೆರೆಯಿರಿ: ಒಂದು ಹಳೆಯ ಫೋಟೊ, ಒಂದು ಪಿಡಿಎಫ್, ಒಂದು ಎಕ್ಸೆಲ್, ವಾಲ್ಟಿನೊಳಗಿನ ಒಂದು ಫೈಲು. 7-ಜಿಪ್ ಕಡತಗಳಿಗೆ ಅದರಲ್ಲೇ ಇರುವ ಟೆಸ್ಟ್ ಗುಂಡಿ ಒತ್ತಿ.

ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಬಯಲಾಗುವ ಸಂಗತಿಯೊಂದಿದೆ. ಗೂಗಲ್ ಡಾಕ್ಸ್, ಶೀಟ್ಸ್‌ನಲ್ಲಿ ಬರೆದದ್ದು ಡ್ರೈವ್ ಫೋಲ್ಡರಿನಲ್ಲಿ ಫೈಲಿನಂತೆಯೇ ಕಾಣುತ್ತದೆ, ಆದರೆ ಅದು ಬರೀ ಕೊಂಡಿ; ಬರಹವಿರುವುದು ಗೂಗಲ್ ಸರ್ವರಿನಲ್ಲಿ. ಹೊರಡಿಸ್ಕಿಗೆ ನಕಲಾದದ್ದೂ ಆ ಕೊಂಡಿಯೇ. ಖಾತೆ ಹೋದರೆ ಅದನ್ನು ತೆರೆಯಲಾಗದು. ಇವನ್ನು ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ತೆರೆದು, 'ಡಿಸೆಲೆಕ್ಟ್ ಆಲ್' ಒತ್ತಿ, ಡ್ರೈವ್ ಒಂದಕ್ಕೇ ಟಿಕ್ ಹಾಕಿ. ಫಾರ್ಮ್ಯಾಟ್ ಆಯ್ಕೆಯಲ್ಲಿ ಡಾಕ್ಸ್ ವರ್ಡ್ ಆಗಿಯೂ, ಶೀಟ್ಸ್ ಎಕ್ಸೆಲ್ ಆಗಿಯೂ ಬರುವಂತಿದೆಯೇ ನೋಡಿ. ಸಿದ್ಧವಾದ ಕೊಂಡಿ ಇಮೇಲಿಗೆ ಬರುತ್ತದೆ, ಸುಮಾರು ಒಂದು ವಾರ ಮಾತ್ರ ಬದುಕಿರುತ್ತದೆ. ಫೋಟೋಸ್ ಇಳಿಸಿದರೆ ಪ್ರತಿ ಚಿತ್ರದ ಜೊತೆ ಜೆಸನ್ ಎಂಬ ಪುಟ್ಟ ಫೈಲು ಬರುತ್ತದೆ. ಕಸವೆಂದು ಎಸೆಯಬೇಡಿ, ನೀವು ಗೂಗಲ್ ಫೋಟೋಸ್‌ನಲ್ಲಿ ತಿದ್ದಿದ ತಾರೀಖು, ಬರೆದ ವಿವರಣೆ ಇರುವುದು ಅದರಲ್ಲಿ.